ಸಿಪ್ಪೆಯಿಂದ ಸೀಸ ಹಿಡಿಯುವುದು: ಲೋಹದ ಲೆಕ್ಕ ತಪ್ಪದ ಹಾಗೆ

ಕಿತ್ತಳೆ ಸಿಪ್ಪೆಯ ಪುಡಿ ಹಾಕಿ ನೀರಿನಲ್ಲಿದ್ದ ಸೀಸವನ್ನು ಶೇಕಡಾ 95ರಷ್ಟು ತೆಗೆದಿದ್ದೇವೆ ಅಂತ ಪ್ರಾಜೆಕ್ಟ್ ವಿದ್ಯಾರ್ಥಿಗಳು ವರದಿ ಹಿಡಿದು ಬಂದಾಗ ನಾನು ಮೊದಲು ಕೇಳುವುದು ಒಂದೇ: ಆ 95 ಭಾಗ ಈಗ ಎಲ್ಲಿದೆ? ಸಾಮಾನ್ಯವಾಗಿ ಮುಖ ಮುಖ ನೋಡಿಕೊಳ್ಳುತ್ತಾರೆ. ಲೋಹ ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದಿಲ್ಲ. ನೀರಿನಿಂದ ಹೋಗಿದೆ ಅಂದರೆ ಬೇರೆಲ್ಲೋ ಕೂತಿದೆ. ಸಿಪ್ಪೆಯ ಮೇಲಿರಬಹುದು, ಫಿಲ್ಟರ್ ಪೇಪರಿನಲ್ಲಿರಬಹುದು, ಗಾಜಿಗೆ ಅಂಟಿರಬಹುದು, ಇಲ್ಲವೇ ಬೀಕರಿನ ತಳದಲ್ಲಿ ಗಸಿಯಾಗಿ ಇಳಿದಿರಬಹುದು. ಲ್ಯಾಬಿನಲ್ಲಿ ಈ ಕೆಲಸ ಹೇಳಿಕೊಡುವಾಗ ನಾನು ಹಟ ಹಿಡಿಯುವುದು ಈ ಲೆಕ್ಕದ ವಿಷಯದಲ್ಲೇ. ಸಿಪ್ಪೆ ಪುಡಿ ಮಾಡುವುದು ಯಾರಿಗೂ ಬರುತ್ತದೆ. ಹಾಕಿದ ಲೋಹ ಎಷ್ಟು, ಎಲ್ಲೆಲ್ಲಿ ಎಷ್ಟೆಷ್ಟು ಸಿಕ್ಕಿತು ಎಂದು ಜಮಾ-ಖರ್ಚು ತಾಳೆ ಮಾಡುವುದೇ ನಿಜವಾದ ಪ್ರಯೋಗ.

ಇದು ಹೇಗೆ ನಡೆಯುತ್ತದೆ

ಹಣ್ಣಿನ ಸಿಪ್ಪೆ, ಮರದ ತೊಗಟೆ, ಕಡಲ ಪಾಚಿ, ಸಿಗಡಿ ಚಿಪ್ಪು, ಟೀ ಚರಟ ಇವೆಲ್ಲ ಲೋಹ ಹಿಡಿಯಲು ಜೀವಂತವಾಗಿರಬೇಕಿಲ್ಲ. ಒಣಗಿ ಪುಡಿಯಾದ ಮೇಲೂ ಅವುಗಳ ಕೋಶಗೋಡೆಯಲ್ಲಿ ಅಥವಾ ಚಿಪ್ಪಿನಲ್ಲಿ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಅಮೈನೊ, ಫಾಸ್ಫೇಟ್‌ನಂಥ ರಾಸಾಯನಿಕ ಗುಂಪುಗಳು ಹಾಗೇ ಉಳಿದಿರುತ್ತವೆ. ಲೋಹದ ಅಯಾನು ಬಂದು ಸೇರಿಕೊಳ್ಳುವುದು ಅವುಗಳಿಗೇ. ಇದಕ್ಕೆ ಜೈವಿಕ ಹೀರಿಕೆ ಅನ್ನುತ್ತಾರೆ; ಬಯೋಸಾರ್ಪ್ಷನ್ ಅಂದರೆ ಲ್ಯಾಬಿನವರಿಗೆ ಬೇಗ ಗೊತ್ತಾಗುತ್ತದೆ.

ಹೀರಿಕೆ ಎಂಬ ಹೆಸರು ಕೇಳಿ ಸ್ಪಂಜು ನೀರು ಕುಡಿದ ಹಾಗೆ ಅಂದುಕೊಂಡರೆ ಮುಂದೆ ಎಲ್ಲವೂ ಗೊಂದಲವಾಗುತ್ತದೆ. ಇಲ್ಲಿ ಹೆಚ್ಚಾಗಿ ನಡೆಯುವುದು ವಿನಿಮಯ. ಕಿತ್ತಳೆ ಸಿಪ್ಪೆಯಲ್ಲಿ ಪೆಕ್ಟಿನ್ ಇದೆ. ಪೆಕ್ಟಿನ್ ಅಂದರೆ ಗ್ಯಾಲಕ್ಟ್ಯುರಾನಿಕ್ ಆಮ್ಲದ ಉದ್ದನೆಯ ಸರಪಳಿ. ಅದರ ಕಾರ್ಬಾಕ್ಸಿಲ್ ಗುಂಪುಗಳ ಮೇಲೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಅಥವಾ ಹೈಡ್ರೋಜನ್ ಅಯಾನು ಮೊದಲೇ ಜಾಗ ಹಿಡಿದಿರುತ್ತದೆ. ಸೀಸ ಬಂದರೆ ಅವುಗಳನ್ನು ಎಬ್ಬಿಸಿ ತಾನು ಕೂರುತ್ತದೆ. ಹಾಗಾಗಿ ಸೀಸ ಕಡಿಮೆಯಾದಂತೆಲ್ಲ ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಆಮ್ಲದಲ್ಲಿ ತೊಳೆದ ಪುಡಿಯಾದರೆ ಹೈಡ್ರೋಜನ್ ಹೊರಬಂದು ಪಿಎಚ್ ಇಳಿಯುತ್ತದೆ. ಪುಡಿ ಹಾಕಿದ ಕೂಡಲೇ ಪಿಎಚ್ ಮೀಟರಿನ ಅಂಕಿ 5ರಿಂದ ಜಾರಲು ಶುರುವಾಗುವುದನ್ನು ಒಮ್ಮೆ ಕಣ್ಣಾರೆ ನೋಡಿ, ವಿನಿಮಯ ಅಂದರೇನು ಅಂತ ಮತ್ತೆ ಯಾರೂ ವಿವರಿಸಬೇಕಾಗಿಲ್ಲ.

ಯಾವ ಲೋಹಕ್ಕೆ ಯಾವ ಕಸ

ಕಸ ಕೈಯಲ್ಲಿ ಹಿಡಿದು ಲೋಹ ಹುಡುಕುವವರೇ ಹೆಚ್ಚು. ಮೊದಲು ಲೋಹ ನೋಡಿ, ಅದು ನೀರಿನಲ್ಲಿ ಯಾವ ರೂಪದಲ್ಲಿದೆ ನೋಡಿ, ಆಮೇಲೆ ಕಸ ಆರಿಸಿ.

ಸೀಸ, ತಾಮ್ರ, ಕ್ಯಾಡ್ಮಿಯಂ, ಸತು, ನಿಕ್ಕಲ್ ಇವು ನೀರಿನಲ್ಲಿ ಧನ ಅಯಾನುಗಳು. ಕಾರ್ಬಾಕ್ಸಿಲ್ ಹೆಚ್ಚಿರುವ ವಸ್ತು ಇವಕ್ಕೆ ಹೊಂದುತ್ತದೆ. ಕಿತ್ತಳೆ ಜಾತಿಯ ಸಿಪ್ಪೆ ಮತ್ತು ಕಂದು ಕಡಲ ಪಾಚಿ ಇಲ್ಲಿ ಮುಂದೆ. ಪಾಚಿಯಲ್ಲಿ ಈ ಕೆಲಸ ಮಾಡುವುದು ಆಲ್ಜಿನೇಟ್. ಬಾಳೆ ಸಿಪ್ಪೆಯೂ ಆಗುತ್ತದೆ. ನದಿ ನೀರಿನ ತಾಮ್ರ ಮತ್ತು ಸೀಸವನ್ನು ಅದರಿಂದ ಹಿಡಿದ ಬ್ರೆಜಿಲ್‌ನ ಸಂಶೋಧನೆ 2011ರಲ್ಲಿ ಪ್ರಕಟವಾದಾಗ ಸಾಕಷ್ಟು ಸುದ್ದಿಯಾಗಿತ್ತು. ಸಾಮಾನ್ಯವಾಗಿ ಸೀಸ ಎಲ್ಲಕ್ಕಿಂತ ಗಟ್ಟಿಯಾಗಿ ಅಂಟುತ್ತದೆ, ತಾಮ್ರ ಅದರ ಹಿಂದೆ, ನಿಕ್ಕಲ್ ಕೊನೆಗೆ. ಸೀಸಕ್ಕೆ ಬಂದ ಫಲಿತಾಂಶ ನೋಡಿಕೊಂಡು ನಿಕ್ಕಲ್‌ಗೂ ಅಷ್ಟೇ ಬರುತ್ತದೆ ಅಂತ ಬರೆಯಬೇಡಿ.

ಮರದ ತೊಗಟೆ ಮತ್ತು ಗರಗಸದ ಹೊಟ್ಟಿನಲ್ಲಿ ಟ್ಯಾನಿನ್, ಲಿಗ್ನಿನ್ ಇವೆ. ಸುಮಾರಾಗಿ ಕೆಲಸ ಮಾಡುತ್ತವೆ, ಆದರೆ ತೊಗಟೆ ನೀರಿಗೆ ಬಣ್ಣ ಬಿಡುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ. ಹಸಿಯಾಗಿ ಬಳಸಿದರೆ ಅದು ಸೋಮಾರಿ. ಗಾಳಿಯಾಡದ ಹಾಗೆ ಸುಟ್ಟು ಇದ್ದಿಲು ಮಾಡಿದರೆ ಪರವಾಗಿಲ್ಲ. ಯೀಸ್ಟ್ ಒಳ್ಳೆಯ ಹೀರುಕ, ಆದರೆ ಅದರ ಕಣ ಎಷ್ಟು ಸಣ್ಣದೆಂದರೆ ಸೋಸುವುದರಲ್ಲೇ ದಿನ ಕಳೆಯುತ್ತದೆ. ಸೆಂಟ್ರಿಫ್ಯೂಜ್ ಇಲ್ಲದವರು ಅದರ ತಂಟೆಗೆ ಹೋಗದಿರುವುದು ಲೇಸು.

ಮೊಟ್ಟೆ ಚಿಪ್ಪಿನ ಬಗ್ಗೆ ಒಂದು ತಕರಾರು ಹೇಳಲೇಬೇಕು. ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲೀಯ ನೀರಿಗೆ ಹಾಕಿದರೆ ಪಿಎಚ್ ಏರುತ್ತದೆ, ಲೋಹ ಕಾರ್ಬೊನೇಟ್ ಅಥವಾ ಹೈಡ್ರಾಕ್ಸೈಡ್ ಆಗಿ ತಳಕ್ಕೆ ಇಳಿಯುತ್ತದೆ. ಕೆಲಸವೇನೋ ಆಯಿತು, ಆದರೆ ಅದರ ಬಹುಪಾಲು ಹೀರಿಕೆಯಲ್ಲ, ಸುಣ್ಣ ಹಾಕಿದ್ದಕ್ಕೆ ಸಮ. ಮುಂದೆ ಆ ಗಸಿಗೆ ಆಮ್ಲ ತಗುಲಿದರೆ ಲೋಹ ಮತ್ತೆ ನೀರಿಗೆ ಬರುತ್ತದೆ.

ಪಾದರಸಕ್ಕೆ ಗಂಧಕ ಬೇಕು. ಕೂದಲು, ಉಣ್ಣೆ, ಕೋಳಿ ಪುಕ್ಕ ಇವುಗಳ ಕೆರಟಿನ್‌ನಲ್ಲಿ ಗಂಧಕವಿರುವ ಸಿಸ್ಟೀನ್ ಇರುವುದರಿಂದ ಅವು ಪಾದರಸವನ್ನು ಬಿಗಿಯಾಗಿ ಹಿಡಿಯುತ್ತವೆ. 1963ರಲ್ಲಿ ರಾಲ್ಫ್ ಪಿಯರ್ಸನ್ ಹೇಳಿದ ಗಡಸು-ಮೃದು ಆಮ್ಲ ಪ್ರತ್ಯಾಮ್ಲಗಳ ನಿಯಮ ಇಲ್ಲಿ ನೇರವಾಗಿ ಕಾಣುತ್ತದೆ: ಮೃದು ಲೋಹಕ್ಕೆ ಮೃದು ಗಂಧಕ (ಮೃದು ಅಂದರೆ ಎಲೆಕ್ಟ್ರಾನ್ ಮೋಡ ಸುಲಭವಾಗಿ ಬಾಗುವಂಥದ್ದು). ಆದರೆ ವಿದ್ಯಾರ್ಥಿಗಳ ಕೈಗೆ ನಾನು ಪಾದರಸದ ಲವಣ ಕೊಡುವುದಿಲ್ಲ. ಅದರಲ್ಲಿ ರಾಜಿಯಿಲ್ಲ.

ಆರ್ಸೆನಿಕ್ ಇದೇ ಪಟ್ಟಿಯಲ್ಲಿದೆ ಅಂದುಕೊಂಡು ಬಹಳ ಜನ ಸಿಪ್ಪೆ ಪುಡಿ ಸುರಿಯುತ್ತಾರೆ. ಆರ್ಸೆನೇಟ್ ಋಣ ಅಯಾನು, ಸಿಪ್ಪೆಯ ಕಾರ್ಬಾಕ್ಸಿಲ್ ಕೂಡ ಋಣವೇ. ಒಂದಕ್ಕೊಂದು ಆಗಿಬರುವುದಿಲ್ಲ. ಆರ್ಸೆನೈಟ್ ಅಂತೂ ಸಾಧಾರಣ ನೀರಿನ ಪಿಎಚ್‌ನಲ್ಲಿ ವಿದ್ಯುದಂಶವೇ ಇಲ್ಲದ ಅಣು, ಅದನ್ನು ಹಿಡಿಯುವುದು ಇನ್ನೂ ಕಷ್ಟ. ಸಿಪ್ಪೆಗೆ ಮೊದಲು ಕಬ್ಬಿಣ ಹತ್ತಿಸಿ, ಆ ಕಬ್ಬಿಣ ಆರ್ಸೆನಿಕ್ ಹಿಡಿಯುವಂತೆ ಮಾಡುವುದು ದಾರಿ. ಮೊದಲ ಪ್ರಯೋಗಕ್ಕೆ ಅದು ಬೇಡ.

ಲೆಕ್ಕ ತಪ್ಪಿಸುವುದರಲ್ಲಿ ಕ್ರೋಮಿಯಂ ಎಲ್ಲರಿಗಿಂತ ಜಾಣ. ವಿಷವಾದ ಆರನೇ ವೇಲೆನ್ಸಿಯ ಕ್ರೋಮಿಯಂ ಋಣ ಅಯಾನಾಗಿರುತ್ತದೆ, ಪಿಎಚ್ 2ರ ಹತ್ತಿರ ಚೆನ್ನಾಗಿ ಮಾಯವಾಗುತ್ತದೆ. ಡೈಫಿನೈಲ್ ಕಾರ್ಬಜೈಡ್ ಹಾಕಿದರೆ ಬರಬೇಕಾದ ನೇರಳೆ ಬಣ್ಣ ಬರುವುದಿಲ್ಲ, 540 ನ್ಯಾನೊಮೀಟರಿನಲ್ಲಿ ಓದಿದರೆ ಸೊನ್ನೆ. ಹುಡುಗರು ಕುಣಿಯುತ್ತಾರೆ. ನಡೆದದ್ದು ಏನು? ಸಿಪ್ಪೆಯಲ್ಲಿರುವ ಸಾವಯವ ಪದಾರ್ಥ ಆರನೇ ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕೆ ಇಳಿಸಿದೆ. ಆ ಕಾರಕ ತೋರಿಸುವುದು ಆರನೆಯದನ್ನು ಮಾತ್ರ. ಮೂರನೆಯದು ನೀರಿನಲ್ಲೇ ಈಜುತ್ತಾ ಇರುತ್ತದೆ. ವಿಷ ಕಡಿಮೆಯಾಯಿತು, ಅದು ನಿಜವಾದ ಲಾಭ. ಆದರೆ "ತೆಗೆದೆವು" ಅನ್ನಬೇಕಾದರೆ ಒಟ್ಟು ಕ್ರೋಮಿಯಂ ಅಳೆಯಬೇಕು.

ಪುಡಿ ತಯಾರಿ

ಕಿತ್ತಳೆ ಸಿಪ್ಪೆಯನ್ನೇ ತೆಗೆದುಕೊಳ್ಳೋಣ. ಸಣ್ಣಗೆ ಹೆಚ್ಚಿ, ನಲ್ಲಿ ನೀರಿನಲ್ಲಿ ತೊಳೆದು, ಆಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಸಕ್ಕರೆ ಹೋಗಬೇಕು, ಉಳಿದರೆ ಬೂಸ್ಟು ಬರುತ್ತದೆ. ಓವನ್‌ನಲ್ಲಿ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಪೂರ್ತಿ ಒಣಗಿಸಿ. ಬೇಗ ಮುಗಿಯಲಿ ಅಂತ ಉರಿ ಏರಿಸಿದರೆ ಸಿಪ್ಪೆ ಕಂದಿ, ಬೇಕಾದ ಗುಂಪುಗಳೂ ಹಾಳಾಗುತ್ತವೆ. ಕೈಯಲ್ಲಿ ಮುರಿದರೆ ಪಟ್ಟನೆ ಮುರಿಯುವ ಹಾಗಾದಾಗ ಮಿಕ್ಸಿಗೆ ಹಾಕಿ, ಜರಡಿ ಹಿಡಿದು 0.25ರಿಂದ 0.5 ಮಿ.ಮೀ. ನಡುವಿನ ಪುಡಿ ಮಾತ್ರ ಇಟ್ಟುಕೊಳ್ಳಿ. ಇನ್ನೂ ನುಣುಪಾದರೆ ಬೇಗ ಹಿಡಿಯುತ್ತದೆ, ಸೋಸಲು ಮಾತ್ರ ಪ್ರಾಣ ತಿನ್ನುತ್ತದೆ. ಲೋಹದ ಕೆಲಸಕ್ಕೆ ಬಳಸಿದ ಮಿಕ್ಸಿ ಜಾರು, ಜರಡಿ, ಚಮಚ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು.

ಇಷ್ಟಕ್ಕೇ ನಿಲ್ಲಿಸಬಹುದು, ಆದರೆ ಹಸಿ ಪುಡಿಗೆ ಎರಡು ಕೊರತೆಗಳಿವೆ. ಪೆಕ್ಟಿನ್‌ನ ಬಹಳಷ್ಟು ಕಾರ್ಬಾಕ್ಸಿಲ್ ಗುಂಪುಗಳು ಮೀಥೈಲ್ ಎಸ್ಟರ್ ಆಗಿ ಬಾಯಿ ಮುಚ್ಚಿಕೊಂಡಿರುತ್ತವೆ, ಅವು ಲೋಹ ಹಿಡಿಯುವುದಿಲ್ಲ. ಎರಡನೆಯದು, ಪೆಕ್ಟಿನ್ ಮತ್ತು ಬಣ್ಣ ನಿಧಾನಕ್ಕೆ ನೀರಿಗೆ ಬಿಡುತ್ತವೆ. ಎರಡಕ್ಕೂ ಮದ್ದು ಇದೆ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಪುಡಿಯನ್ನು ಒಂದೆರಡು ಗಂಟೆ ಕಲಕಿದರೆ ಎಸ್ಟರ್ ಬಿಚ್ಚಿಕೊಳ್ಳುತ್ತದೆ. ಪುಡಿ ಉಬ್ಬಿ ಲೋಳೆಯಾಗುತ್ತದೆ, ಗಾಬರಿ ಬೇಡ. ಪೆಕ್ಟಿನ್ ಸೋಡಿಯಂ ರೂಪಕ್ಕೆ ಬಂದು ಕರಗಲು ನೋಡುತ್ತಿದೆ, ಅಷ್ಟೇ. ಕೂಡಲೇ ಸೋಸಿ 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ಗೆ ಹಾಕಿ ರಾತ್ರಿಯಿಡೀ ಬಿಡಿ. ಲೀಟರಿಗೆ 29.4 ಗ್ರಾಂ ಡೈಹೈಡ್ರೇಟ್ ಸಾಕು. ಕ್ಯಾಲ್ಸಿಯಂ ಒಂದು ಸರಪಳಿಯನ್ನು ಇನ್ನೊಂದಕ್ಕೆ ಬಿಗಿದು ಕಟ್ಟುತ್ತದೆ, ಲೋಳೆ ಹೋಗಿ ಮತ್ತೆ ಕಾಳುಕಾಳಾಗುತ್ತದೆ. ಸುಣ್ಣದ ತಿಳಿ ಎರಡೂ ಕೆಲಸವನ್ನು ಒಂದೇ ಏಟಿಗೆ ಮಾಡುತ್ತದೆ. ತೊಳೆದ ನೀರಿನ ಪಿಎಚ್ ತಟಸ್ಥಕ್ಕೆ ಬರುವವರೆಗೂ ತೊಳೆಯುವುದನ್ನು ಬಿಡಬೇಡಿ. ಕ್ಷಾರ ಉಳಿದರೆ ಮುಂದೆ ಲೋಹ ಗಸಿಯಾಗಿ ಇಳಿದು, ನೀವು ಅದನ್ನೇ ಹೀರಿಕೆ ಅಂತ ಬರೆದುಕೊಳ್ಳುತ್ತೀರಿ.

ತಾಮ್ರದಿಂದ ಶುರು ಮಾಡಿ

ಸೀಸ ನರಮಂಡಲಕ್ಕೆ ವಿಷ. ಕೈ ಪಳಗುವವರೆಗೆ ತಾಮ್ರವೇ ಸಾಕು. 3.93 ಗ್ರಾಂ ಮೈಲುತುತ್ತವನ್ನು, ಅಂದರೆ ನೀಲಿ ಹರಳಿನ ತಾಮ್ರದ ಸಲ್ಫೇಟನ್ನು, ಒಂದು ಲೀಟರಿಗೆ ಕರಗಿಸಿದರೆ ಲೀಟರಿಗೆ 1000 ಮಿ.ಗ್ರಾಂ ತಾಮ್ರದ ದ್ರಾವಣ ಸಿಗುತ್ತದೆ. ಅದರಿಂದ 50 ಮಿ.ಲೀ. ತೆಗೆದು ಲೀಟರಿಗೆ ಏರಿಸಿ: ಲೀಟರಿಗೆ 50 ಮಿ.ಗ್ರಾಂ. ಮುಂದೆ ಸೀಸಕ್ಕೆ ಬಂದಾಗ ಲೆಡ್ ನೈಟ್ರೇಟ್ 1.60 ಗ್ರಾಂ ತೂಗಿ; ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಗಾಜಿನ ಸಾಮಾನನ್ನೆಲ್ಲ ಮೊದಲೇ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದಿರಬೇಕು.

ಫ್ಲಾಸ್ಕಿಗೆ 100 ಮಿ.ಲೀ. ದ್ರಾವಣ, 0.5 ಗ್ರಾಂ ಪುಡಿ. ಪಿಎಚ್ 5ಕ್ಕೆ ತನ್ನಿ, ಶೇಕರಿನಲ್ಲಿ ಎರಡು ಗಂಟೆ ಆಡಿಸಿ. ಹೆಚ್ಚಿನ ಭಾಗ ಮೊದಲ ಅರ್ಧ ಗಂಟೆಯಲ್ಲೇ ಹಿಡಿದಿರುತ್ತದೆ, ಉಳಿದ ಸಮಯ ಸಮತೋಲನಕ್ಕೆ. ಪಿಎಚ್ 5 ಯಾಕೆ? 3ಕ್ಕಿಂತ ಕೆಳಗೆ ಹೈಡ್ರೋಜನ್ ಅಯಾನುಗಳೇ ಎಲ್ಲ ಜಾಗವನ್ನೂ ತುಂಬಿರುತ್ತವೆ. 6ರ ಹತ್ತಿರ ಹೋದರೆ ಇಷ್ಟು ತಾಮ್ರ ಹೈಡ್ರಾಕ್ಸೈಡ್ ಆಗಿ ಇಳಿಯಲು ಶುರುವಾಗುತ್ತದೆ. ನಡುವೆ ಪಿಎಚ್ ಇಳಿದರೆ ಹನಿ ಹನಿಯಾಗಿ ಕ್ಷಾರ ಹಾಕಿ ಸರಿಪಡಿಸಿ, ಎಷ್ಟು ಹಾಕಿದಿರಿ ಅಂತ ಬರೆದಿಡಿ.

ಇದರ ಜೊತೆಗೆ ಇನ್ನೂ ಎರಡು ಫ್ಲಾಸ್ಕ್ ಇರಲೇಬೇಕು: ತಾಮ್ರ ಇದ್ದು ಪುಡಿ ಇಲ್ಲದ್ದು ಒಂದು, ಪುಡಿ ಇದ್ದು ತಾಮ್ರ ಇಲ್ಲದ್ದು ಇನ್ನೊಂದು. ಮೊದಲನೆಯದು ಗಾಜು, ಫಿಲ್ಟರ್ ಪೇಪರ್ ಮತ್ತು ಪಿಎಚ್ ಸೇರಿ ಎಷ್ಟು ಲೋಹ ನುಂಗುತ್ತವೆ ಅಂತ ಹೇಳುತ್ತದೆ. ಫಿಲ್ಟರ್ ಪೇಪರ್ ಕೂಡ ಸೆಲ್ಯುಲೋಸೇ, ಅದೂ ಲೋಹ ಹಿಡಿಯುತ್ತದೆ. ಸೋಸಿ ಬಂದ ಮೊದಲ ಹತ್ತು ಮಿ.ಲೀ. ಅಳೆಯಬೇಡಿ, ಲೋಹದ ತ್ಯಾಜ್ಯದ ಡಬ್ಬಿಗೆ ಹಾಕಿ. ಎರಡನೆಯ ಫ್ಲಾಸ್ಕ್ ಸಿಪ್ಪೆ ತಾನಾಗಿ ಏನೇನು ಬಿಡುತ್ತದೆ ಅಂತ ಹೇಳುತ್ತದೆ. ಈ ಎರಡು ಇಲ್ಲದ ವರದಿಯನ್ನು ನಾನು ಮುಂದೆ ಓದುವುದಿಲ್ಲ.

ಕಣ್ಣಿಗೆ ಕಾಣಬೇಕು ಅನ್ನುವವರಿಗೆ ಅಮೋನಿಯಾ ಇದೆ. ಉದ್ದನೆಯ ಟ್ಯೂಬಿನಲ್ಲಿ ದ್ರಾವಣ ತೆಗೆದು, ಅಮೋನಿಯಾ ಹಾಕಿ, ಕೆಳಗೆ ಬಿಳಿ ಹಾಳೆ ಇಟ್ಟು ಮೇಲಿನಿಂದ ಇಣುಕಿದರೆ ಪುಡಿ ಹಾಕದ ದ್ರಾವಣ ನೀಲಿಯಾಗಿ ಕಾಣುತ್ತದೆ. ಪುಡಿ ಹಾಕಿ ಸೋಸಿದ್ದು ಹಸಿರುಹಸಿರಾಗಿ ಕಂಡರೆ ಬೆರಗಾಗಬೇಡಿ. ಸಿಪ್ಪೆಯ ಫ್ಲೇವನಾಯ್ಡ್‌ಗಳು ಕ್ಷಾರದಲ್ಲಿ ಹಳದಿಯಾಗುತ್ತವೆ. ಉಳಿದ ನೀಲಿಗೆ ಆ ಹಳದಿ ಸೇರಿದೆ. ತಾಮ್ರ ಇಲ್ಲದ ಫ್ಲಾಸ್ಕಿಗೂ ಅಮೋನಿಯಾ ಹಾಕಿ ನೋಡಿ, ಅಲ್ಲಿ ಬರೀ ಹಳದಿ. ಅಂಕಿ ಬೇಕಾದರೆ ಮಾತ್ರ ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣವೇ ಬೇಕು. ಬಣ್ಣ ನೋಡಿ ಅಂದಾಜು ಬರೆಯುವಂತಿಲ್ಲ.

ಈಗ ಲೆಕ್ಕ. ಹಾಕಿದ್ದು 100 ಮಿ.ಲೀ.ನಲ್ಲಿ 5 ಮಿ.ಗ್ರಾಂ ತಾಮ್ರ. ಕೊನೆಗೆ ನೀರಿನಲ್ಲಿ ಲೀಟರಿಗೆ 8 ಮಿ.ಗ್ರಾಂ ಉಳಿದಿದೆ ಅಂದುಕೊಳ್ಳಿ, ಅಂದರೆ 0.8 ಮಿ.ಗ್ರಾಂ. ಹೋದದ್ದು 4.2. ಅರ್ಧ ಗ್ರಾಂ ಪುಡಿಗೆ ಭಾಗಿಸಿದರೆ ಗ್ರಾಂಗೆ 8.4 ಮಿ.ಗ್ರಾಂ. ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ಆ ಪುಡಿಯನ್ನು ಸ್ವಲ್ಪ ನೀರಿನಲ್ಲಿ ತೊಳೆದು 50 ಮಿ.ಲೀ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಡಿಸಿ, ಆಮ್ಲವನ್ನೂ ಅಳೆಯಿರಿ. ಅದರಲ್ಲಿ ಲೀಟರಿಗೆ 78 ಮಿ.ಗ್ರಾಂ ಸಿಕ್ಕರೆ 3.9 ಮಿ.ಗ್ರಾಂ ವಾಪಸು ಬಂತು. 0.8 ಸೇರಿಸಿದರೆ 4.7. ಐದಕ್ಕೆ 4.7 ತಾಳೆಯಾದರೆ ನನ್ನ ಮಟ್ಟಿಗೆ ಅದು ಒಳ್ಳೆಯ ಪ್ರಯೋಗ. ಮೂರೇ ಸಿಕ್ಕಿತು ಅಂದರೆ ಎರಡು ಮಿ.ಗ್ರಾಂ ಎಲ್ಲಿ ಸೋರಿತು ಅಂತ ಹುಡುಕಲು ಕೂರಬೇಕು. ಪುಡಿ ಹಾಕದ ಫ್ಲಾಸ್ಕ್ ಇದ್ದರೆ ಆ ಹುಡುಕಾಟ ಸುಲಭ.

ಪ್ರಬಂಧಗಳಲ್ಲಿ ಕಾಣುವ ಗರಿಷ್ಠ ಸಾಮರ್ಥ್ಯದ ಅಂಕಿಗಳನ್ನು ಕಂಡು ಬೆಚ್ಚಬೇಡಿ. ಹೀರಿಕೆಯ ಲೆಕ್ಕಕ್ಕೆ ಬಳಸುವ 1918ರ ಲ್ಯಾಂಗ್ಮ್ಯೂರ್ ಸಮೀಕರಣದಲ್ಲಿ ಎರಡು ಸ್ಥಿರಾಂಕಗಳಿವೆ: ಒಟ್ಟು ಜಾಗ ಎಷ್ಟು, ಲೋಹದ ಮೇಲೆ ಹಿಡಿತ ಎಷ್ಟು. ಜಾಹೀರಾತಾಗುವುದು ಮೊದಲನೆಯದು. ಅದು ಬರುವುದು ಲೀಟರಿಗೆ ನೂರಾರು ಮಿ.ಗ್ರಾಂ ಲೋಹ ಸುರಿದಾಗ. ಲೋಹ ತೀರಾ ಕಡಿಮೆ ಇರುವ ನೀರಿನಲ್ಲಿ ಎರಡನ್ನೂ ಗುಣಿಸಿ ಬರುವ ಸಂಖ್ಯೆಯೇ ಲೆಕ್ಕಕ್ಕೆ.

ನಿಜವಾದ ನೀರು ಬೇರೆ

ಡಿಸ್ಟಿಲ್ಡ್ ನೀರಿನಲ್ಲಿ ತಾಮ್ರ ಒಂಟಿ. ಬಾವಿಯ ನೀರಿನಲ್ಲಿ ಲೀಟರಿಗೆ ನೂರು ಮಿ.ಗ್ರಾಂ ಕ್ಯಾಲ್ಸಿಯಂ ಇದ್ದು, ಸೀಸ 0.05 ಮಿ.ಗ್ರಾಂ ಇದ್ದರೆ, ಒಂದೇ ಜಾಗಕ್ಕೆ ಸಾವಿರಾರು ಕ್ಯಾಲ್ಸಿಯಂ ಅಯಾನುಗಳು ಮುಗಿಬೀಳುತ್ತವೆ. ಸೀಸದ ಹಿಡಿತ ಬಲವಾದದ್ದರಿಂದ ಅದು ಪೂರ್ತಿ ಸೋಲುವುದಿಲ್ಲ, ಆದರೆ ಲ್ಯಾಬಿನ ಅಂಕಿ ಅಲ್ಲಿ ಬರುವುದೂ ಇಲ್ಲ. ಆದ್ದರಿಂದ ಕೊನೆಯ ಪ್ರಯೋಗವನ್ನು ನಿಜವಾದ ನೀರಿಗೆ ಗೊತ್ತಾದಷ್ಟು ಲೋಹ ಸೇರಿಸಿ ಮಾಡಿ.

ಕುಡಿಯುವ ನೀರಿಗೆ ಇದನ್ನು ಬಳಸಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಮನೆಯಲ್ಲಿ ಮಾಡಿದ ಸಿಪ್ಪೆ ಪುಡಿಯನ್ನು ಬಳಸಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಸೀಸಕ್ಕೆ ಲೀಟರಿಗೆ 10 ಮೈಕ್ರೋಗ್ರಾಂ, ಕ್ಯಾಡ್ಮಿಯಂಗೆ 3. ನೀರು ತಿಳಿಯಾಗಿ ಕಂಡರೆ ಅದು ಇದಕ್ಕೆ ಪುರಾವೆಯಲ್ಲ. ಸೀಸಕ್ಕೆ ಆ ಮಟ್ಟವನ್ನು ಜ್ವಾಲೆ ಬಳಸುವ ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣವೂ ಸರಿಯಾಗಿ ತೋರಿಸುವುದಿಲ್ಲ. ಮೇಲಾಗಿ ಒದ್ದೆ ಸಿಪ್ಪೆಯಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತವೆ, ಬಿಟ್ಟ ಸಾವಯವ ಪದಾರ್ಥ ಕ್ಲೋರಿನ್ ಜೊತೆ ಸೇರಿ ಟ್ರೈಹ್ಯಾಲೊಮೀಥೇನ್ ಎಂಬ ಹಾನಿಕರ ಪದಾರ್ಥ ಆಗುತ್ತದೆ. ಇದರ ಜಾಗ ಲೋಹ ಲೇಪನ ಘಟಕ, ಗಣಿ, ಲ್ಯಾಬುಗಳ ತ್ಯಾಜ್ಯ ನೀರು. ಅಲ್ಲೂ ಲೋಹ ತುಂಬಾ ಇದ್ದರೆ ಮೊದಲು ಸುಣ್ಣ ಹಾಕಿ ಇಳಿಸಿ, ಉಳಿದ ಅಷ್ಟಿಷ್ಟಕ್ಕೆ ಸಿಪ್ಪೆ.

ಇಷ್ಟು ಅಗ್ಗವಾದದ್ದು ಯಾಕೆ ಎಲ್ಲೆಡೆ ಬಂದಿಲ್ಲ? ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿಯಂಥವರು ದಶಕಗಳ ಕಾಲ ಇದರ ಹಿಂದೆ ಬಿದ್ದಿದ್ದರು. ಪಾಚಿಯಿಂದ ಮಾಡಿದ ಆಲ್ಗಾಸಾರ್ಬ್, ಅಮೆರಿಕದ ಗಣಿ ಬ್ಯೂರೋದ ಬಯೋಫಿಕ್ಸ್ ಮಣಿಗಳು ಬಂದವು. ಕೈಗಾರಿಕೆ ಇದೇ ಅಯಾನು ವಿನಿಮಯದ ಕೆಲಸ ಮಾಡುವ ಕೃತಕ ರಾಳಗಳನ್ನು ಬಿಟ್ಟು ಇವುಗಳ ಕಡೆ ತಿರುಗಲಿಲ್ಲ. ನನ್ನ ಲೆಕ್ಕದಲ್ಲಿ ಮುಖ್ಯ ಕಾರಣ, ಕಸಕ್ಕೆ ಗುಣಮಟ್ಟ ಇಲ್ಲ. ಈ ಮೂಟೆಯ ಸಿಪ್ಪೆ ಮುಂದಿನ ಮೂಟೆಯ ಹಾಗಿರುವುದಿಲ್ಲ. ಹಾಗಾಗಿ ಒಂದು ದೊಡ್ಡ ಮೂಟೆಯನ್ನು ಒಟ್ಟಿಗೇ ಪುಡಿ ಮಾಡಿ, ಚೆನ್ನಾಗಿ ಬೆರೆಸಿ, ಎಲ್ಲ ಪ್ರಯೋಗಕ್ಕೂ ಅದನ್ನೇ ಬಳಸಿ.

ಬಳಸಿದ ಪುಡಿ, ಮತ್ತು ಕಾಲಂ

ಲೋಹ ತುಂಬಿದ ಸಿಪ್ಪೆ ಗೊಬ್ಬರವಲ್ಲ. ತಿಪ್ಪೆಗೆ ಹಾಕಿದರೆ ಅದು ಕೊಳೆತು ಲೋಹವನ್ನು ಮಣ್ಣಿಗೆ ಒಪ್ಪಿಸುತ್ತದೆ, ಬಯಲಲ್ಲಿ ಸುಟ್ಟರೆ ಕ್ಯಾಡ್ಮಿಯಂ ಹೊಗೆಯಲ್ಲಿ ಹೋಗುತ್ತದೆ. ಆಮ್ಲದಲ್ಲಿ ಲೋಹ ಬಿಡಿಸಿ, ಮತ್ತೆ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ನೆನೆಸಿ ಕೆಲವು ಸಲ ಬಳಸಬಹುದು, ಪ್ರತಿ ಸಲ ಸಾಮರ್ಥ್ಯ ಒಂದಿಷ್ಟು ಇಳಿಯುತ್ತದೆ. ಬಿಡಿಸಿದ ಆಮ್ಲವನ್ನು ಸಿಂಕಿಗೆ ಸುರಿಯಬೇಡಿ. ಕ್ಷಾರ ಹಾಕಿ ಲೋಹವನ್ನು ಗಸಿ ಮಾಡಿ, ಒಣಗಿಸಿ, ಲೋಹದ ಹೆಸರು ಮತ್ತು ತಾರೀಕು ಬರೆದ ಡಬ್ಬಿಯಲ್ಲಿಟ್ಟು ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ. ಕೊನೆಗೆ ಸವೆದ ಪುಡಿಯೂ ಅದೇ ದಾರಿಯಲ್ಲಿ.

ಫ್ಲಾಸ್ಕ್ ಕೆಲಸ ಹತೋಟಿಗೆ ಬಂದ ಮೇಲೆ ಕಾಲಂಗೆ ಹೋಗಿ. 0.5ರಿಂದ 1 ಮಿ.ಮೀ. ಕಾಳು, 2.5 ಸೆಂ.ಮೀ. ಒಳವ್ಯಾಸದ ಗಾಜಿನ ಕೊಳವೆ, ಎರಡೂ ತುದಿಗೆ ಗಾಜಿನ ಉಣ್ಣೆ. ಪುಡಿಯನ್ನು ರಾತ್ರಿಯೇ ನೆನೆಸಿ, ಉಬ್ಬಿದ ಮೇಲೆ ತುಂಬಿ. ಒಣ ಪುಡಿ ತುಂಬಿ ನೀರು ಬಿಟ್ಟರೆ ಅದು ಉಬ್ಬಿ ಬಿಗಿದುಕೊಂಡು ಹರಿವು ನಿಲ್ಲುತ್ತದೆ, ಕೊಳವೆ ಸೀಳಿದರೂ ಸೀಳಬಹುದು. ನೀರನ್ನು ಕೆಳಗಿನಿಂದ ಮೇಲಕ್ಕೆ ಹರಿಸಿ, ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುವುದಿಲ್ಲ. 20 ಸೆಂ.ಮೀ. ತುಂಬಿದರೆ ಸುಮಾರು 100 ಮಿ.ಲೀ. ಜಾಗ; ನಿಮಿಷಕ್ಕೆ 5 ಮಿ.ಲೀ. ಹರಿಸಿದರೆ ನೀರಿಗೆ 20 ನಿಮಿಷದ ಸಹವಾಸ ಸಿಗುತ್ತದೆ. ಹೊರಬರುವ ನೀರಿನಲ್ಲಿ ಲೋಹ ಎಷ್ಟಾದರೆ ನಿಲ್ಲಿಸಬೇಕು ಅನ್ನುವುದನ್ನು ಪಂಪು ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ. ಆ ಮಿತಿ ಹತ್ತಿರವಾದಂತೆ ಮಾದರಿ ತೆಗೆಯುವ ಅಂತರ ಕಡಿಮೆ ಮಾಡಿ; ಅಲ್ಲಿಂದ ಮುಂದೆ ಏರಿಕೆ ಕಡಿದಾಗಿರುತ್ತದೆ. ರಾತ್ರಿ ನಿಲ್ಲಿಸಿ ಹೋಗುವುದಾದರೆ ಕಾಲಂ ಒಣಗಲು ಬಿಡಬೇಡಿ, ಬಿರುಕು ಬಿಟ್ಟರೆ ನೀರು ಆ ಬಿರುಕಿನಲ್ಲೇ ನುಗ್ಗುತ್ತದೆ. ನಾಲ್ಕೈದು ದಿನ ಬಿಡುವಿದ್ದರೆ ಆಮ್ಲದಲ್ಲಿ ಲೋಹ ಬಿಡಿಸಿ, ಪುಡಿ ಹೊರತೆಗೆದು ಒಣಗಿಸಿಡಿ. ಇಲ್ಲದಿದ್ದರೆ ಬೂಸ್ಟು ಹಿಡಿದ ವಾಸನೆಯೇ ಬಾಗಿಲಲ್ಲಿ ನಿಮ್ಮನ್ನು ಎದುರುಗೊಳ್ಳುತ್ತದೆ.